ಚಂದಾದಾರರಿಗೆ ಬರೆಯುವ ಇಮೇಲ್‌ಗೆ ದಿನನಿತ್ಯದ ವಿಷಯ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿ, ತೋಟ, ಸಣ್ಣ ಉದ್ಯಮ ನಡೆಸುವವರು ಮತ್ತು ಕಥೆ, ಪ್ರಬಂಧ ಬರೆಯುವವರು ತಮ್ಮ ಚಂದಾದಾರರಿಗೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಇಮೇಲ್ ಕಳುಹಿಸಲು ಹೊರಟಾಗ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಒಟ್ಟುಮಾಡಿದ್ದೇನೆ. ಹೆಚ್ಚಿನ ಉದಾಹರಣೆಗಳು ಮಲೆನಾಡಿನ ಕಾಫಿ ಪುಡಿ ಅಂಗಡಿಯವು. ಆ ಕೆಲಸವನ್ನು ಹತ್ತಿರದಿಂದ ಬಲ್ಲೆ ಎಂಬುದಷ್ಟೇ ಅದಕ್ಕೆ ಕಾರಣ. ಜೇನು ಸಾಕುವವರು, ಗಾಣದ ಎಣ್ಣೆ ಮಾರುವವರು, ಸಂಗೀತ ಪಾಠ ಹೇಳುವವರು ಕಾಫಿ ಎಂದಿರುವಲ್ಲೆಲ್ಲ ತಮ್ಮ ಕಸುಬನ್ನು ಇಟ್ಟು ಓದಿಕೊಳ್ಳಬಹುದು.

## ಶುರು ಮಾಡುವ ಮುನ್ನ

“ನಮ್ಮದು ಬರೀ ಕಾಫಿ ಪುಡಿ ಅಂಗಡಿ ಸರ್. ವಾರ ವಾರ ಬರೆಯೋಕೆ ನಮ್ಮ ಹತ್ತಿರ ಏನಿದೆ?”

ಬೆಳಗ್ಗೆ ಬಾಗಿಲು ತೆರೆದು ಮಧ್ಯಾಹ್ನ ಊಟಕ್ಕೆ ಏಳುವುದರೊಳಗೆ ಗಲ್ಲಾದ ಮುಂದೆ ಏನೇನು ಮಾತು ನಡೆಯುತ್ತದೆ ಎಂಬುದನ್ನು ಒಂದು ದಿನ ಗಮನವಿಟ್ಟು ಕೇಳಿ. ಒಬ್ಬರು ಬಂದು ಎಂಬತ್ತು-ಇಪ್ಪತ್ತು (ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ) ಕೊಡಿ ಎನ್ನುತ್ತಾರೆ. ಅವರ ಹಿಂದೆ ನಿಂತವರು ಚಿಕೋರಿ ಹಾಕುವುದು ಕಲಬೆರಕೆಯಲ್ಲವೇ ಎಂದು ಕೇಳುತ್ತಾರೆ. ಒಂದು ಇಮೇಲ್ ಪತ್ರಕ್ಕೆ ವಿಷಯ ಅಲ್ಲೇ ಸಿಕ್ಕಿತು. ಚಿಕೋರಿ ಎಂಬುದು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ, ಅದು ಡಿಕಾಕ್ಷನ್‌ಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ, ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರಬಾರದು ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ ಎಂಬ ಸಂಗತಿಗಳು ನಿಮಗೆ ಬಾಯಿಪಾಠ. ಓದುಗರಲ್ಲಿ ಬಹಳ ಮಂದಿಗೆ ಹೊಸವು.

ಮೂರನೆಯವರು ಪುಡಿಯ ಬೆಲೆ ಏಕೆ ಹೀಗೆ ಏರಿತು ಎನ್ನುತ್ತಾರೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಂದು 2024ರ ಕೊನೆಗೆ ಹಾಗೂ 2025ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ದಾಖಲೆಯ ಬೆಲೆಗೆ ಹೋದದ್ದು ನಿಮ್ಮ ತಕ್ಕಡಿಯವರೆಗೆ ಹೇಗೆ ಬಂತು ಎಂಬುದು ಇನ್ನೊಂದು ಪತ್ರ. ನೂರು ಕೆಜಿ ಹಸಿ ಬೀಜ ಹುರಿದರೆ ಎಂಬತ್ತು–ಎಂಬತ್ತೈದು ಕೆಜಿಯಷ್ಟೇ ಉಳಿಯುತ್ತದೆ ಎಂಬ ಲೆಕ್ಕ ಮತ್ತೊಂದು. ನಿಮಗೆ ಹಳತಾಗಿರುವುದರಿಂದಲೇ ಇವು ಬರೆಯುವಂಥವು ಎಂದು ನಿಮಗೆ ತೋರುತ್ತಿಲ್ಲ.

“ದಿನಾ ನಡೆಯೋದನ್ನೆಲ್ಲ ಬರೆಯೋಕಾಗುತ್ತಾ? ಯಾವುದು ಪತ್ರಕ್ಕೆ ಆಗುತ್ತೆ ಅಂತ ಹೇಗೆ ಗೊತ್ತಾಗಬೇಕು?”

ನಾನು ಬಳಸುವ ಒರೆಗಲ್ಲು ಒಂದೇ: ಅಂಗಡಿಗೆ ಕಾಲಿಡದವರು ಇದನ್ನು ಬರೆಯಬಹುದಿತ್ತೇ? ‘ಕಾಫಿ ಕುಡಿಯುವುದರಿಂದ ಆಗುವ ಲಾಭಗಳು’ ಎಂಬುದನ್ನು ಯಾರು ಬೇಕಾದರೂ, ಎಲ್ಲಿ ಕುಳಿತಾದರೂ ಬರೆಯಬಹುದು. ಆದ್ದರಿಂದ ಅದು ನಿಮ್ಮ ವಿಷಯವಲ್ಲ. ಈ ಸಲದ ರೋಬಸ್ಟಾ ಕಾಳು ಕೈಗೆ ಹಗುರವಾಗಿದೆ, ಹುರಿಯುವಾಗ ಚಟಚಟ ಸದ್ದು ಎಂದಿಗಿಂತ ಬೇಗ ಕೇಳಿಸುತ್ತಿದೆ ಎಂಬುದನ್ನು ಹುರಿಯುವವರ ಪಕ್ಕ ನಿಂತವರು ಮಾತ್ರ ಬರೆಯಬಲ್ಲರು. ಈ ಪರೀಕ್ಷೆಯಲ್ಲಿ ಗೆದ್ದರೂ ಪಕ್ಕದ ಅಂಗಡಿಯವರ ಮೇಲಿನ ಸಿಟ್ಟು, ಸಾಲ ಕೇಳಿ ಹೋದವರ ಕಥೆ, ಚುನಾವಣೆಯ ಚರ್ಚೆ ಪತ್ರಕ್ಕೆ ಬೇಡ. ಅವು ನಿಮ್ಮ ದಿನದಲ್ಲಿ ಇವೆ, ನಿಜ. ಓದುಗರು ತಮ್ಮ ವಿಳಾಸ ಕೊಟ್ಟದ್ದು ಅದಕ್ಕಲ್ಲ.

“ವಾರಕ್ಕೊಂದು ಕಳಿಸಲೋ, ತಿಂಗಳಿಗೊಂದೋ?”

ಬಿಡದೆ ನಡೆಸಬಲ್ಲ ಅಂತರವನ್ನು ಆರಿಸಿಕೊಳ್ಳಿ. ತಿಂಗಳಿಗೊಮ್ಮೆಯಾದರೆ ನೀವು ಯಾರೆಂಬುದೇ ಓದುಗರಿಗೆ ಮರೆತಿರುತ್ತದೆ, ದಿನಕ್ಕೊಂದಾದರೆ ಅಂಗಡಿ ನೋಡಿಕೊಳ್ಳುವವರಿಲ್ಲ. ಒಬ್ಬರೇ ಬರೆಯುವ ಕಡೆ ಹದಿನೈದು ದಿನಕ್ಕೊಂದು ಸರಿಯಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

“ಹೊಳೆದದ್ದು ಬರೆಯೋಕೆ ಕೂತಾಗ ಮರೆತೇ ಹೋಗಿರುತ್ತೆ. ಏನು ಮಾಡೋದು?”

ಮರೆಯುವುದು ಸಹಜ, ಆದರೆ ಗುರುತು ಹಾಕಿಕೊಂಡವರಿಗೂ ಅದೇ ಕಷ್ಟ ಬರುವುದನ್ನು ಕಂಡಿದ್ದೇನೆ. ಕಾರಣ, ಅವರು ಬರೆದಿಟ್ಟುಕೊಂಡದ್ದು ‘ಫಿಲ್ಟರ್ ದೂರು’ ಎಂಬಷ್ಟೇ ಆಗಿರುತ್ತದೆ. ನಾಲ್ಕು ದಿನದ ನಂತರ ಆ ಎರಡು ಪದಗಳಿಂದ ಏನೂ ಎದ್ದು ಬರುವುದಿಲ್ಲ. ಅದೇ ಸಂಗತಿಯನ್ನು ಹೀಗೆ ಬರೆದಿಟ್ಟರೆ ಬೇರೆ: ‘ಪುಡಿ ಬದಲಾಯಿಸಿದ್ದೀರಾ ಎಂದರು ನಿವೃತ್ತ ಮೇಷ್ಟ್ರು. ರಾತ್ರಿ ಹಾಕಿದ ಡಿಕಾಕ್ಷನ್ ಬೆಳಗ್ಗೆಯಾದರೂ ಇಳಿದಿರಲಿಲ್ಲವಂತೆ. ಕೇಳಿದರೆ ಫಿಲ್ಟರ್ ಹಳೆಯದು, ತಳ ಬೆಳಕಿಗೆ ಹಿಡಿದರೆ ಅರ್ಧ ತೂತು ಕಾಣುವುದಿಲ್ಲ. ಒಲೆಯ ಉರಿಗೆ ಹಿಡಿಯಿರಿ ಎಂದೆ.’

ಇದರಲ್ಲಿ ಯಾರು, ಏನೆಂದರು, ಕಣ್ಣಿಗೆ ಕಂಡದ್ದೇನು, ಪರಿಹಾರವೇನು ಎಲ್ಲವೂ ಇವೆ. ಪತ್ರದ ಅರ್ಧ ಕೆಲಸ ಮುಗಿದಂತೆಯೇ. ಪುಡಿಯ ಜಿಡ್ಡು, ನುಣ್ಣನೆಯ ಕಣಗಳು ಸೇರಿ ತೂತು ಕಟ್ಟಿಕೊಳ್ಳುತ್ತವೆ, ಸ್ಟೀಲ್ ಫಿಲ್ಟರ್‌ನ ಮೇಲಿನ ಪಾತ್ರೆಯ ತಳವನ್ನು ಸ್ವಲ್ಪ ಹೊತ್ತು ಉರಿಗೆ ಹಿಡಿದು, ಆರಿದ ಮೇಲೆ ಉಜ್ಜಿ ತೊಳೆದರೆ ತೆರೆದುಕೊಳ್ಳುತ್ತವೆ ಎಂದು ಸೇರಿಸಿದರೆ ಸಾಕು. ಎಲ್ಲಿ ಬರೆದಿಡಬೇಕೆಂಬುದು ದೊಡ್ಡ ವಿಷಯವಲ್ಲ. ಬಿಲ್ ಪುಸ್ತಕದ ಹಿಂಬದಿಯಾದರೂ ಸರಿ, ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡ ಧ್ವನಿ ಸಂದೇಶವಾದರೂ ಸರಿ. ಆಡಿದ ಮಾತು ಆಡಿದ ಹಾಗೆಯೇ ಇರಬೇಕು, ಅದೂ ಅದೇ ದಿನ.

## ವಿಷಯ ಸಿಗುವ ಜಾಗಗಳು

“ಗ್ರಾಹಕರು ಕೇಳಿದ್ದನ್ನೇ ಕೇಳ್ತಾರೆ. ಅದನ್ನೇ ಬರೆದರೆ ಓದುವವರಿಗೆ ಬೇಜಾರಾಗಲ್ವಾ?”

ನೂರು ಸಲ ಕೇಳಿಸಿಕೊಂಡವರು ನೀವು. ಕೇಳಿದವರಲ್ಲಿ ಪ್ರತಿಯೊಬ್ಬರೂ ಕೇಳಿದ್ದು ಒಂದೇ ಸಲ. ಜೊತೆಗೆ, ಕೇಳಬೇಕೆಂದಿದ್ದು ಸಂಕೋಚದಿಂದ ಸುಮ್ಮನಾದವರು ಎಷ್ಟೋ ಮಂದಿ ಇರುತ್ತಾರೆ. ನಿಮ್ಮ ವಾಟ್ಸ್ಆ್ಯಪ್ ತೆರೆದು ‘ಯಾಕೆ’, ‘ಹೇಗೆ’, ‘ಎಷ್ಟು ದಿನ’ ಎಂಬ ಪದಗಳನ್ನು ಹುಡುಕಿ ನೋಡಿ. ಪ್ರಶ್ನೆಗಳಷ್ಟೇ ಅಲ್ಲ, ನೀವು ಕೊಟ್ಟ ಉತ್ತರಗಳೂ ಅಲ್ಲಿ ಬರೆದಾಗಿಯೇ ಇರುತ್ತವೆ, ಅದೂ ಅವಸರದಲ್ಲಿ ಬರೆದ, ಅಲಂಕಾರವಿಲ್ಲದ, ಒಳ್ಳೆಯ ಕನ್ನಡದಲ್ಲಿ. ಪತ್ರಕ್ಕೆಂದು ಕುಳಿತಾಗ ಬಹಳ ಜನ ಕಳೆದುಕೊಳ್ಳುವುದು ಆ ಕನ್ನಡವನ್ನೇ.

“ವರ್ಷಕ್ಕೆಲ್ಲ ಮೊದಲೇ ಒಂದು ಪಟ್ಟಿ ಹಾಕ್ಕೊಳ್ಳೋದು ಹೇಗೆ?”

ಇಂಗ್ಲಿಷ್ ತಿಂಗಳುಗಳ ಮೇಲೆ ಪಟ್ಟಿ ಹಾಕಿದವರು ಸಾಮಾನ್ಯವಾಗಿ ‘ಹೊಸ ವರ್ಷ, ಪ್ರೇಮಿಗಳ ದಿನ, ಮಹಿಳಾ ದಿನ’ ಎಂದು ಹೊರಗಿನ ದಿನಗಳ ಬೆನ್ನು ಹತ್ತುತ್ತಾರೆ. ಮಳೆ ನಕ್ಷತ್ರಗಳ ಲೆಕ್ಕ ನಮ್ಮ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಒದಗುತ್ತದೆ. ವರ್ಷದಲ್ಲಿ 27 ನಕ್ಷತ್ರಗಳು, ಒಂದೊಂದು ಹದಿಮೂರು–ಹದಿನಾಲ್ಕು ದಿನ. ಹದಿನೈದು ದಿನಕ್ಕೊಂದು ಪತ್ರ ಬರೆಯುವವರಿಗೆ ಹೇಳಿಮಾಡಿಸಿದ ಅಳತೆ. ಪಂಚಾಂಗದಲ್ಲೂ ಗೋಡೆಯ ಕ್ಯಾಲೆಂಡರಿನಲ್ಲೂ ಅದು ಅಚ್ಚಾಗಿಯೇ ಇರುತ್ತದೆ.

ಕಾಫಿಯ ಮಟ್ಟಿಗೆ ನೋಡೋಣ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಸುಮಾರು ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಮಳೆ ಬರದಿದ್ದರೆ ಪಂಪು ಹಚ್ಚಿ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾರಿಸುತ್ತಾರೆ. ಹೂವು ಕಾಯಿ ಕಚ್ಚಲು ಅದರ ಹಿಂದೆಯೇ ಇನ್ನೊಂದು ಮಳೆ ಬೇಕು, ಅದನ್ನು ಬೆಳೆಗಾರರು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಏಪ್ರಿಲ್ ಕೊನೆಗೆ ಭರಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ತೋಟದವರಿಗೆ ಎಷ್ಟು ನಿಜ ಎಂದು ಒಬ್ಬ ಬೆಳೆಗಾರರನ್ನು ಕೇಳಿದರೆ ಆ ಪತ್ರ ಅವರ ಬಾಯಿಂದಲೇ ಬರುತ್ತದೆ. ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟಿ ಮಲೆನಾಡಿನಲ್ಲಿ ಬಿಸಿಲೇ ಇಲ್ಲವಾದಾಗ ಪುಡಿ ಗಂಟು ಕಟ್ಟುವ ಮಾತು ಬರುತ್ತದೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಾಗ ರೋಬಸ್ಟಾ. ಹಣ್ಣು ಕಣದಲ್ಲಿ ಹರವಿರುವಾಗ ಅಕಾಲದಲ್ಲಿ ಮೋಡ ಕವಿದರೆ ಟಾರ್ಪಾಲು ಹಿಡಿದು ಓಡುವ ಆ ಸಂಜೆಯ ಬಗ್ಗೆ, ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತು ನಿಮ್ಮ ಪುಡಿ ತರಿಸಿಕೊಳ್ಳುವವರು ಎಂದೂ ಕೇಳಿರುವುದಿಲ್ಲ.

ಪ್ರತಿ ನಕ್ಷತ್ರದ ಎದುರು ಒಂದು ಪ್ರಶ್ನೆ ಬರೆದಿಟ್ಟರೆ ಸಾಕು. ಉತ್ತರವನ್ನು ಆ ಹದಿನೈದು ದಿನ ಬಂದಾಗಲೇ ಬರೆಯಿರಿ. ಮೊದಲೇ ಬರೆದಿಟ್ಟ ಮಳೆಯ ಪತ್ರವನ್ನು ಮಳೆ ಕೈಕೊಟ್ಟ ವರ್ಷ ಕಳುಹಿಸಲಾಗುವುದಿಲ್ಲ.

“ಹಬ್ಬಕ್ಕೆ ಶುಭಾಶಯ ಕಳಿಸಿದರೆ ಅದೂ ಒಂದು ಇಮೇಲ್ ಆಯ್ತಲ್ಲ?”

ಆಯಿತು, ಆದರೆ ಅದೇ ದೀಪದ ಚಿತ್ರವನ್ನು ಬ್ಯಾಂಕು, ವಿಮೆ ಕಂಪನಿ, ಮೊಬೈಲ್ ಅಂಗಡಿಗಳೂ ಅಂದೇ ಕಳುಹಿಸಿರುತ್ತವೆ. ಹಬ್ಬ ನಿಮ್ಮ ಕೆಲಸವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಬರೆಯಿರಿ. ದೀಪಾವಳಿಗೆ ಮಕ್ಕಳು ಊರಿಗೆ ಬರುವ ಮನೆಗಳು ಕಾಲು ಕೆಜಿಯ ಬದಲು ಒಂದು ಕೆಜಿ ಒಯ್ಯುತ್ತವೆ. ಕೊಡಗಿನಲ್ಲಿ ಸುಗ್ಗಿಯ ಹಬ್ಬವಾದ ಹುತ್ತರಿಯ ಆಸುಪಾಸಿಗೆ ಗದ್ದೆಯ ಕೊಯ್ಲು, ಕಾಫಿ ಕೊಯ್ಲು ಎರಡೂ ಒಟ್ಟಿಗೆ ಬಂದು ಆಳು ಸಿಗುವುದು ಕಷ್ಟವಾಗುತ್ತದೆ. ಇಂಥದನ್ನು ಓದಿ ಮುಗಿಸಿದವರಿಗೆ ‘ಹಬ್ಬದ ಶುಭಾಶಯಗಳು’ ಎಂಬ ಕೊನೆಯ ಸಾಲು ನಿಮ್ಮಿಂದಲೇ ಬಂದಂತೆ ಕಾಣುತ್ತದೆ.

“ನಾನು ಕಥೆ ಬರೆಯೋಳು. ನನಗೆ ಅಂಗಡಿಯೂ ಇಲ್ಲ, ಕೌಂಟರಿಗೆ ಬರೋರೂ ಇಲ್ಲ. ನನಗೇನು ದಾರಿ?”

ಬರೆಯುವವರಿಗೂ ಒಂದು ಅಂಗಡಿ ಇದೆ, ಅದರ ಬಾಗಿಲನ್ನು ಯಾರಿಗೂ ತೋರಿಸುವುದಿಲ್ಲ ಅಷ್ಟೇ. ಹೊಡೆದು ಹಾಕಿದ ವಾಕ್ಯ ಯಾವುದು, ಏಕೆ ಹೊಡೆದಿರಿ. ಕಥೆಯೊಳಗಿನ ಹೆಂಗಸಿಗೆ ಯಾವ ಊರಿನ ಕನ್ನಡ ಆಡಿಸಬೇಕೆಂದು ಎಷ್ಟು ದಿನ ತೂಗಿದಿರಿ. 1970ರ ದಶಕದ ಅಡುಗೆಮನೆಯನ್ನು ವರ್ಣಿಸುವಾಗ ಸೀಮೆಎಣ್ಣೆ ಸ್ಟೌವಿನ ಬತ್ತಿಯ ಬಗ್ಗೆ ಯಾರನ್ನು ವಿಚಾರಿಸಿದಿರಿ ಎಂಬಂಥ ಸಂಗತಿಗಳು ಮುಗಿದ ಕಥೆಯಲ್ಲಿ ಕಾಣುವುದಿಲ್ಲ. ಪತ್ರದಲ್ಲಿ ಅವಕ್ಕೆ ಜಾಗವಿದೆ. ಬಸ್ಸಿನಲ್ಲಿ ಕೇಳಿದ ಮಾತು, ಗ್ರಂಥಾಲಯದ ಪುಸ್ತಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ ಜಗಳ ಇವೂ ಆಗುತ್ತವೆ. ಲಲಿತ ಪ್ರಬಂಧ ಮತ್ತು ಹರಟೆಯ ಪರಂಪರೆ ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿರುವಾಗ ‘ಸಣ್ಣ ವಿಷಯ’ ಎಂದು ಯಾರೂ ನಾಚಬೇಕಾಗಿಲ್ಲ. ಒಂದೇ ಎಚ್ಚರಿಕೆ: ‘ಬರೆಯಲು ಆಗುತ್ತಿಲ್ಲ’ ಎಂಬುದರ ಬಗ್ಗೆಯೇ ಬರೆಯುವ ಪತ್ರವನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಯಾರೂ ಸಹಿಸಲಾರರು.

## ಸಿಕ್ಕ ವಿಷಯವನ್ನು ಬರೆಯುವುದು

“ಇಷ್ಟು ಸಣ್ಣ ವಿಷಯವನ್ನ ಒಂದು ಪತ್ರಕ್ಕಾಗುವಷ್ಟು ಎಳೆಯೋದು ಹೇಗೆ?”

ಎಳೆಯಬೇಡಿ, ಅಗೆಯಿರಿ. ಮಳೆಗಾಲದಲ್ಲಿ ಪುಡಿ ಗಂಟಾಯಿತು ಎಂಬುದನ್ನೇ ತೆಗೆದುಕೊಳ್ಳಿ. ಏಕೆ ಗಂಟಾಯಿತು? ಪುಡಿ ಗಾಳಿಯ ತೇವವನ್ನು ಹೀರಿತು. ಎಲ್ಲ ಪುಡಿಯೂ ಒಂದೇ ರೀತಿ ಗಂಟಾಗುತ್ತದೆಯೇ? ಇಲ್ಲ, ಚಿಕೋರಿ ಹೆಚ್ಚು ತೇವ ಹೀರುತ್ತದೆ, ಆದ್ದರಿಂದ ಮಿಶ್ರಣದ ಪುಡಿ ಬೇಗ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ? ಹೊರಗೆ ತೆಗೆದಾಗಲೆಲ್ಲ ತಣ್ಣಗಿನ ಡಬ್ಬಿಯೊಳಗೆ ತೇವ ಕೂರುತ್ತದೆ. ಹಾಗಾದರೆ ಏನು ಮಾಡಬೇಕು? ಮಳೆಗಾಲ ಮುಗಿಯುವವರೆಗೆ ಒಂದು ಕೆಜಿಯ ಬದಲು ಕಾಲು ಕೆಜಿ ಕೊಳ್ಳಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ.

ಇಲ್ಲಿಗೆ ಪತ್ರ ಮುಗಿಯಿತು. ಮುನ್ನೂರು ಪದ ಆಗಿರಬಹುದು. ಇದರ ಮೇಲೆ ಕಾಫಿಯ ಇತಿಹಾಸ, ಬಾಬಾಬುಡನ್‌ಗಿರಿಯ ಏಳು ಬೀಜದ ಕಥೆ ಇವನ್ನು ತಂದು ತುಂಬುವವರಿದ್ದಾರೆ. ಆ ಕಥೆ ಚೆನ್ನಾಗಿದೆ, ಆದರೆ ಅದಕ್ಕೂ ಗಂಟು ಕಟ್ಟಿದ ಪುಡಿಗೂ ಸಂಬಂಧವಿಲ್ಲ.

“ಇದೆಲ್ಲ ಸರಿ, ಮಾರಾಟದ ಮಾತು ಎಲ್ಲಿ ಹೇಳೋದು?”

ಕೊನೆಯಲ್ಲಿ, ಒಂದೆರಡು ಸಾಲಿನಲ್ಲಿ, ನೇರವಾಗಿ: ಹೊಸ ಫಸಲಿನ ಪೀಬೆರಿ (ಒಂಟಿ ದುಂಡು ಕಾಳು) ಬಂದಿದೆ, ಕೆಜಿಗೆ ಇಷ್ಟು, ಬೇಕಾದವರು ಈ ಇಮೇಲ್‌ಗೆ ಉತ್ತರಿಸಿ. ಪತ್ರದ ವಿಷಯಕ್ಕೂ ಸರಕಿಗೂ ಸಂಬಂಧ ಇಲ್ಲದಿದ್ದರೆ ಬಲವಂತವಾಗಿ ಬೆಸೆಯಬೇಡಿ. ಅಜ್ಜಿ ತೀರಿಕೊಂಡ ನೆನಪಿನಿಂದ ಶೇ 10 ರಿಯಾಯಿತಿಗೆ ಜಿಗಿಯುವ ಇಮೇಲ್‌ಗಳು ಎಲ್ಲರಿಗೂ ಬರುತ್ತವೆ. ಅವನ್ನು ಓದಿದಾಗ ಆಗುವ ಮುಜುಗರವನ್ನು ನೆನಪಿಸಿಕೊಂಡರೆ ಸಾಕು.

“ಅಂಗಡಿಗೆ ಬಂದವರ ಮಾತು, ಕೆಲಸದವರ ಮಾತು ಬರೆಯಬಹುದಾ?”

ಕೇಳಿ ಬರೆಯಿರಿ. ಸಣ್ಣ ಊರಿನಲ್ಲಿ ಹೆಸರು ಬಿಟ್ಟರೂ ಗುರುತು ಬಿಡುವುದಿಲ್ಲ. ‘ಬಸ್ ಸ್ಟ್ಯಾಂಡ್ ಹಿಂದಿನ ಮನೆಯ ನಿವೃತ್ತ ಮೇಷ್ಟ್ರು’ ಎಂದರೆ ಊರಿಗೆ ಊರೇ ಹೇಳಿಬಿಡುತ್ತದೆ. ‘ಹಿರಿಯರೊಬ್ಬರು’ ಎಂದರೆ ಕಥೆಗೆ ಏನೂ ಕೊರತೆಯಾಗದು. ಕೆಲಸದವರ ಫೋಟೊ ಹಾಕುವಾಗ ಒಪ್ಪಿಗೆ ಕೇಳುವುದು ಮಾತ್ರವಲ್ಲ, ಬೇಡ ಎನ್ನಲು ಅವರಿಗೆ ಧೈರ್ಯವಿದೆಯೇ ಎಂದೂ ನೋಡಬೇಕು, ಏಕೆಂದರೆ ಸಂಬಳ ಕೊಡುವವರು ನೀವು. ಚಂದಾದಾರರ ವಿಳಾಸದ ವಿಷಯದಲ್ಲಂತೂ ಕಾನೂನೇ ಇದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದಾಗಿರಬೇಕು, ಮತ್ತು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಬಿಲ್ಲಿಗೆಂದು ಪಡೆದ ವಿಳಾಸವನ್ನು ಸದ್ದಿಲ್ಲದೆ ಪತ್ರದ ಪಟ್ಟಿಗೆ ಸೇರಿಸಬೇಡಿ.

“ಕನ್ನಡದಲ್ಲೇ ಬರೀಬೇಕಾ? ನಮ್ಮ ಗ್ರಾಹಕರು ಅರ್ಧಕ್ಕರ್ಧ ಹೊರಗಿನವರು.”

ನೀವು ಗಲ್ಲಾದಲ್ಲಿ ಆಡುವ ಭಾಷೆಯಲ್ಲಿ ಬರೆಯಿರಿ. ಮೇಲೆ ಹೇಳಿದ ಸಣ್ಣ ಸಂಗತಿಗಳು ಹುಟ್ಟಿದ್ದು ಕನ್ನಡದಲ್ಲಿ. ಇಂಗ್ಲಿಷಿಗೆ ತಂದಾಗ ‘ಡಿಕಾಕ್ಷನ್ ಇಳೀತಾ ಇಲ್ಲ’ ಎಂಬ ಮಾತಿನ ಬಿಸಿ ಆರಿಹೋಗುತ್ತದೆ. ಕನ್ನಡ ಓದಲಾರದವರಿಗೆ ಬೇರೆ ಪಟ್ಟಿ ಮಾಡಿ ಬೇರೆಯಾಗಿಯೇ ಬರೆಯುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವವರು ಎರಡು ತಾಂತ್ರಿಕ ಸಂಗತಿ ತಿಳಿದಿರಬೇಕು. ಫೋನಿನ ಪರದೆಯಲ್ಲಿ ಶೀರ್ಷಿಕೆಯ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ, ಆದ್ದರಿಂದ ‘ಪುಡಿ ಗಂಟಾಯಿತೇ?’ ಎಂಬುದು ಮೊದಲು ಬರಲಿ, ಅಂಗಡಿಯ ಹೆಸರು ಕಳುಹಿಸಿದವರ ಜಾಗದಲ್ಲಿ ಹೇಗೂ ಇರುತ್ತದೆ. ಎರಡನೆಯದು, ಸುಮಾರು 102 ಕೆಬಿ ಮೀರಿದ ಇಮೇಲನ್ನು ಜಿಮೇಲ್ ನಡುವೆಯೇ ಕತ್ತರಿಸಿ ತೋರಿಸುತ್ತದೆ. ಯೂನಿಕೋಡ್‌ನ ಸಾಮಾನ್ಯ ಬಳಕೆಯ ರೂಪದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೇಕು. ‘ಕ್ಷ’ ಎಂಬ ಒಂದೇ ಅಕ್ಷರ ಒಂಬತ್ತು ಬೈಟ್ ತಿನ್ನುತ್ತದೆ. ಮುನ್ನೂರು ಪದದ ಪತ್ರಕ್ಕೆ ಇದರಿಂದ ತೊಂದರೆಯಿಲ್ಲ, ಭಾರಿ ವಿನ್ಯಾಸದೊಳಗೆ ಉದ್ದನೆಯ ಲೇಖನ ತುಂಬುವವರಿಗೆ ಇದೆ.

## ಕೆಲವು ಕಾಲ ಬರೆದ ಮೇಲೆ

“ಯಾವ ವಿಷಯ ಜನಕ್ಕೆ ಹಿಡಿಸ್ತು ಅಂತ ಓಪನ್ ರೇಟ್ ನೋಡಿದರೆ ಗೊತ್ತಾಗುತ್ತಲ್ಲ?”

ಎಷ್ಟು ಮಂದಿ ಇಮೇಲ್ ತೆರೆದರು ಎಂಬ ಆ ಲೆಕ್ಕವನ್ನು ನಂಬುವ ಕಾಲ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಐಫೋನಿನ ಐಒಎಸ್ 15ರ ಜೊತೆ ಆ್ಯಪಲ್ ತಂದ ಖಾಸಗಿತನದ ವ್ಯವಸ್ಥೆ, ಇಮೇಲ್‌ನೊಳಗಿನ ಚಿತ್ರಗಳನ್ನು ಓದುಗರು ತೆರೆಯುವ ಮೊದಲೇ ತಾನೇ ಇಳಿಸಿಕೊಳ್ಳುತ್ತದೆ; ಚಿತ್ರ ಇಳಿದದ್ದನ್ನೇ ತೆರೆದದ್ದೆಂದು ಎಣಿಸುವುದರಿಂದ, ಓದದಿದ್ದರೂ ಲೆಕ್ಕದಲ್ಲಿ ಓದಿದಂತೆ ಕಾಣುತ್ತದೆ. ಅದಕ್ಕಿಂತ, ಬಂದ ಉತ್ತರಗಳನ್ನು ನೋಡಿ. ‘ನಮ್ಮ ಮನೆಯಲ್ಲೂ ಹೀಗೇ ಆಯಿತು’ ಎಂಬ ಒಂದು ಸಾಲು ಬಂದರೆ ವಿಷಯ ತಗುಲಿದೆ ಎಂದು ಅರ್ಥ, ಮತ್ತು ಹೆಚ್ಚಿನ ಸಲ ಆ ಸಾಲಿನಲ್ಲೇ ಮುಂದಿನ ಪತ್ರದ ವಿಷಯವೂ ಇರುತ್ತದೆ. ಉತ್ತರ ಬರಬೇಕಾದರೆ ಕಳುಹಿಸುವ ವಿಳಾಸ ಯಾರಾದರೂ ತೆರೆದು ನೋಡುವಂಥದ್ದಾಗಿರಬೇಕು ಎಂದು ಪ್ರತ್ಯೇಕವಾಗಿ ಹೇಳಬೇಕಾಗಿ ಬರುವುದು ವಿಚಿತ್ರ, ಆದರೆ ಹೇಳಬೇಕಾಗುತ್ತದೆ.

“ಒಂದ್ಸಲ ಬರೆದದ್ದನ್ನ ಮತ್ತೆ ಬರೆಯಬಹುದಾ?”

ಬರೆಯಬಹುದು, ಈ ವರ್ಷ ಬೇರೆಯಾದದ್ದು ಏನಾದರೂ ಇದ್ದರೆ. ಹೂಮಳೆ ಎರಡು ವಾರ ತಡವಾದ ವರ್ಷದ ಹೂವಿನ ಪತ್ರ ಹಳೆಯದಾಗುವುದಿಲ್ಲ.

“ಚಾಟ್‌ಜಿಪಿಟಿಗೆ ಕೇಳಿದರೆ ಒಂದೇ ನಿಮಿಷಕ್ಕೆ ಐವತ್ತು ವಿಷಯ ಕೊಡುತ್ತೆ. ಇಷ್ಟೆಲ್ಲ ಯಾಕೆ?”

ಕೇಳಿ ನೋಡಿ. ‘ಪರಿಪೂರ್ಣ ಕಾಫಿಗೆ ಐದು ಸಲಹೆಗಳು’, ‘ನಮ್ಮ ತಂಡದ ಪರಿಚಯ’ ಎಂಬಂಥವೇ ಬರುತ್ತವೆ, ಏಕೆಂದರೆ ನಿಮ್ಮ ಗಲ್ಲಾದ ಮುಂದೆ ನಿನ್ನೆ ನಿಂತವರು ಯಾರೆಂದು ಅದಕ್ಕೆ ಗೊತ್ತಿಲ್ಲ. ಅದೇ ಪಟ್ಟಿ ಇನ್ನೊಂದು ಊರಿನ ಇನ್ನೊಂದು ಅಂಗಡಿಗೂ ಹೋಗಿರುತ್ತದೆ. ಅದನ್ನು ತಿರುವಿ ಬಳಸಿದರೆ ಉಪಯೋಗ ಇದೆ: ನೀವು ಬರೆದಿಟ್ಟುಕೊಂಡ ಟಿಪ್ಪಣಿಯನ್ನು ಕೊಟ್ಟು, ಇದನ್ನು ಓದುವವರಿಗೆ ಏಳುವ ಪ್ರಶ್ನೆಗಳನ್ನು ಕೇಳು ಎನ್ನಿ. ಉತ್ತರ ಬರೆಯುವುದು ನಿಮ್ಮ ಕೈಯಲ್ಲೇ ಇರಲಿ.

“ಪಟ್ಟಿ ಸಾವಿರಾರು ಜನಕ್ಕೆ ಬೆಳೆದಿದೆ. ಈಗ ವಿಷಯ ಆರಿಸೋದರಲ್ಲಿ ಏನು ಬದಲಾಗಬೇಕು?”

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ನಿಯಮ ಬಿಗಿಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಹೋಗುವುದಾದರೆ ಇಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದೃಢೀಕರಣಗಳೂ, ಪ್ರಚಾರದ ಇಮೇಲ್‌ಗಳಲ್ಲಿ ಒಂದೇ ಒತ್ತಿನಲ್ಲಿ ಹೊರಹೋಗುವ ಅನುಕೂಲವೂ ಇರಬೇಕು. ಸ್ಪ್ಯಾಮ್ ಎಂದು ಗುರುತು ಮಾಡುವವರ ಪ್ರಮಾಣ ಶೇ 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂವರು ಸಿಟ್ಟಾದರೂ ಕಷ್ಟ.

ವಿಷಯದ ಆಯ್ಕೆಗೆ ಇಲ್ಲಿ ನೇರ ಸಂಬಂಧವಿದೆ. ಜನ ಸ್ಪ್ಯಾಮ್ ಒತ್ತುವುದು ಕೆಟ್ಟ ಬರಹಕ್ಕಿಂತ ಹೆಚ್ಚಾಗಿ, ತಾವು ಕೇಳದ ವಿಷಯಕ್ಕೆ. ಪುಡಿ ಕೊಳ್ಳಲು ಸೇರಿದವರಿಗೆ ಕಾಫಿ ಗಿಡ ಕೊರೆಯುವ ಕಾಂಡಕೊರಕ ಹುಳುವಿನ ನಿಯಂತ್ರಣ ಬೇಡ. ಅದೇ ಪತ್ರಕ್ಕಾಗಿ ಕಾಯುವ ಬೆಳೆಗಾರರಿಗೆ ಡಿಕಾಕ್ಷನ್ ಪಾಠ ಬೇಡ. ಸೇರುವಾಗಲೇ ‘ಕುಡಿಯುವವರೋ, ಬೆಳೆಯುವವರೋ’ ಎಂಬ ಒಂದು ಪ್ರಶ್ನೆ ಕೇಳಿ ಪಟ್ಟಿಯನ್ನು ಎರಡು ಮಾಡಿದರೆ, ಒಂದೇ ಹೂಮಳೆಯಿಂದ ಎರಡು ಬೇರೆ ಪತ್ರ ಹುಟ್ಟುತ್ತವೆ.

“ಮನೆಯಲ್ಲಿ ಮದುವೆ, ಕಾಯಿಲೆ, ಏನೋ ಒಂದು. ಒಂದು ವಾರ ಬರೆಯೋಕೇ ಆಗದಿದ್ದರೆ?”

ಕಾಲಕ್ಕೆ ಅಂಟಿಕೊಳ್ಳದ ಎರಡು ಪತ್ರಗಳನ್ನು ಬಿಡುವಿನ ದಿನಗಳಲ್ಲೇ ಬರೆದು ಇಟ್ಟುಕೊಂಡಿರಿ. ಫಿಲ್ಟರ್‌ನ ತೂತು ತೆರೆಯುವುದು, ಅರೇಬಿಕಾ-ರೋಬಸ್ಟಾ ಕಾಳನ್ನು ನೋಡಿ ಗುರುತಿಸುವುದು ಇವು ಯಾವ ತಿಂಗಳಿಗೂ ಸಲ್ಲುತ್ತವೆ. ಕಳುಹಿಸುವ ಮುನ್ನ ಬೆಲೆ, ದಿನಾಂಕ ಯಾವುದೂ ಒಳಗೆ ಉಳಿದಿಲ್ಲವೆಂದು ನೋಡಿಕೊಳ್ಳಿ, ಬಳಸಿದ ಮೇಲೆ ಅದರ ಜಾಗಕ್ಕೆ ಇನ್ನೊಂದನ್ನು ಬರೆದಿಡಿ. ಎರಡೂ ಖರ್ಚಾಗಿದ್ದರೆ ಆ ಸರದಿ ಬಿಟ್ಟುಬಿಡಿ. ‘ಈ ವಾರ ಪತ್ರ ಬರುವುದಿಲ್ಲ’ ಎಂದು ತಿಳಿಸಲು ಇನ್ನೊಂದು ಇಮೇಲ್ ಬೇಕಾಗಿಲ್ಲ.